ಲುವಾಂಗ್ವಾ ದಂಡೆಯಲ್ಲಿ ಅಕ್ಕ ಕಂಡ ಆನೆ

ಚಿಪಾಟಾ

ನನ್ನ ಅಕ್ಕ ನಿಂಗಮ್ಮ ಆಫ್ರಿಕಕ್ಕೆ ಬಂದದ್ದು ಬಾಣಂತನ ಮಾಡಲು. ಯಳಂದೂರಿನ ಪಕ್ಕದ ಅಗರ ನಮ್ಮೂರು. ಅಕ್ಕನನ್ನು ಕೊಟ್ಟದ್ದು ಹನೂರಿನ ಆಚೆ, ಕಾಡಿನ ಅಂಚಿನ ರಾಮಾಪುರಕ್ಕೆ. ಹನೂರಿನ ಸಂತೆ, ಕೊಳ್ಳೇಗಾಲದ ಆಸ್ಪತ್ರೆ, ಅಪರೂಪಕ್ಕೊಮ್ಮೆ ತವರು, ಇಷ್ಟರೊಳಗೇ ಓಡಾಡಿಕೊಂಡಿದ್ದವಳು ಬೊಂಬಾಯಿಯಲ್ಲಿ ವಿಮಾನ ಹತ್ತಿ, ಒಣಶುಂಠಿ, ಬಜೆಬೇರು, ಓಮದ ಗಂಟನ್ನು ಮಡಿಲಲ್ಲೇ ಅವುಚಿಕೊಂಡು ಲುಸಾಕಾದಲ್ಲಿ ಇಳಿದಳು. ಅದೇ ವಿಮಾನದಲ್ಲಿ ಬರುತ್ತಿದ್ದ ಇನ್ನೊಬ್ಬ ಮೇಷ್ಟರ ಸಂಸಾರ ಜೊತೆಗಿತ್ತು, ಅದೊಂದೇ ನಮಗಿದ್ದ ಧೈರ್ಯ.

ಜಾಂಬಿಯಾಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಊರೂರಿಗೆ ಶಾಲೆ ತೆರೆಯುತ್ತಿದ್ದರು, ಕಲಿಸುವವರು ಸಾಲದೆ ನಮ್ಮ ದೇಶದಿಂದ ಮೇಷ್ಟರುಗಳನ್ನು ಕರೆಸಿಕೊಳ್ಳುತ್ತಿದ್ದರು. ಹಾಗೆ ಹೋದವರಲ್ಲಿ ನಾನೂ ಒಬ್ಬ. ಚಿಪಾಟಾ ಎಂಬ ಗುಡ್ಡದ ಊರಿನಲ್ಲಿ ಗಣಿತ ಹೇಳುತ್ತಿದ್ದೆ. ನನ್ನ ಹೆಂಡತಿ ಶಾರದೆಗೆ ತಾಯಿ ಇರಲಿಲ್ಲ. ಹೆರಿಗೆ ಹತ್ತಿರ ಬಂದಾಗ ಅಕ್ಕನಿಗೆ ಕಾಗದ ಬರೆದೆ. ಬರಲಾರೆ ಅನ್ನುತ್ತಾಳೆ ಎಂದುಕೊಂಡಿದ್ದೆ. ಬಂದಳು.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಹ್ಯಾರಿಸ್ ಎಂಬ ಇಂಗ್ಲಿಷರವನು ನಮ್ಮ ಮನೆಗೆ ಬಂದ. ಲುವಾಂಗ್ವಾ ನದಿಯ ದಂಡೆಯಲ್ಲಿ ಅವನದೊಂದು ಸಣ್ಣ ಬಿಡಾರವಿತ್ತು. ದೂರದೇಶದ ಸಿರಿವಂತರು ಕಾಡುಪ್ರಾಣಿ ನೋಡಲು ಬಂದು ಇಳಿದುಕೊಳ್ಳುವ ಜಾಗ. ಅವನ ಮಗಳಿಗೆ ನಾನು ಪರೀಕ್ಷೆಗೆ ಗಣಿತ ಹೇಳಿಕೊಟ್ಟಿದ್ದೆ. ಆ ಸಂತೋಷಕ್ಕೆ ಮನೆಯವರೆಲ್ಲ ಬಂದು ಎರಡು ರಾತ್ರಿ ನಮ್ಮಲ್ಲಿ ಇದ್ದು ಹೋಗಿ ಎಂದು ಕರೆದ. ಮಗುವಿಗೆ ಅಲ್ಲಿಯ ಸೊಳ್ಳೆ ಆಗದು ಎಂದು ಶಾರದೆ ಹಿಂದೆ ಸರಿದಳು. ಅಕ್ಕನನ್ನು ಕರೆದುಕೊಂಡು ಹೋಗುವ ಮಾತು ನನ್ನ ಬಾಯಿಗೆ ಬರಲಿಲ್ಲ, ಅದಕ್ಕೆ ಕಾರಣವಿತ್ತು.

ನಮ್ಮ ಭಾವ ಮಾದೇವಪ್ಪನವರ ಹೊಲ ರಾಮಾಪುರದ ಕಾಡಿಗೆ ಅಂಟಿಕೊಂಡಂತಿತ್ತು. ರಾಗಿ ತೆನೆ ಕಟ್ಟಿದಾಗ ಅಟ್ಟಣೆಯ ಮೇಲೆ ಕೂತು ತಗಡು ಬಡಿದು ಕಾಯುವುದು ಅಲ್ಲಿಯ ರೂಢಿ. ಒಂದು ಬೆಳಗಿನ ಜಾವ ಆನೆಗಳು ಹೋದವೆಂದುಕೊಂಡು ಭಾವ ಇಳಿದರು. ಮಂಜು ಕವಿದಿತ್ತು. ಒಂದು ಹೋಗಿರಲಿಲ್ಲ. ಗಂಜಿ ತೆಗೆದುಕೊಂಡು ಹೊಲದ ಬದುವಿಗೆ ಬಂದಿದ್ದ ಅಕ್ಕನಿಗೆ ಕೂಗು ಕೇಳಿತು, ರಾಗಿ ಮುರಿಯುವ ಸದ್ದು ಕೇಳಿತು. ಆನೆ ಕಾಣಿಸಲಿಲ್ಲ. ಆಮೇಲೆ ಆ ಹೊಲ ಬೀಳು ಬಿತ್ತು. ಸಾಕಿದ ಆನೆ ಬೀದಿಯಲ್ಲಿ ಬಂದರೂ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಮಗ ಸಿದ್ದರಾಜು ದೊಡ್ಡವನಾಗಿದ್ದ. ಹೊಲ ಉಳುತ್ತೇನೆ, ಅಟ್ಟಣೆ ಕಟ್ಟುತ್ತೇನೆ ಎಂದು ಹಟ ಹಿಡಿದಿದ್ದ. ಆಫ್ರಿಕದಿಂದ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಆ ಕಡೆ ಕಾಲಿಡಬೇಡ ಎಂದು ಅವನಿಂದ ಆಣೆ ಮಾಡಿಸಿಕೊಂಡು ಬಂದಿದ್ದಳು.

ಹ್ಯಾರಿಸ್ ಹೋದ ಮೇಲೆ ಅಕ್ಕ ಮಗುವಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು.

"ಏನಂತ್ಲಾ ಪುಟ್ಟ, ಆ ದೊರೆ?"

ಹೇಳಿದೆ.

"ಅಲ್ಲಿ ಆನೆ ಇದ್ದದಾ?"

"ಇರ್ತದಕ್ಕ. ಬ್ಯಾಡ ಬಿಡು, ನಾನು ಬರಲ್ಲ ಅಂತ ಹೇಳಿ ಕಳಿಸ್ತೀನಿ."

ಅಕ್ಕ ಮಗುವಿನ ಕಾಲನ್ನು ನೀವಿ ನೀವಿ ಉದ್ದ ಮಾಡಿದಳು.

"ಓಗ್ಮ ನಡಿ. ಬೆಳುಕ್ನಲ್ಲಿ ಒಂದ್ಸಲ ನೋಡ್ಬೇಕು ಕಣ್ಲಾ ಅದ್ನ. ಕಣ್ ಮುಚ್ಚುದ್ರೆ ಏನೋ ಕಪ್ಗೆ ಬತ್ತದೆ, ಅದ್ಕೊಂದ್ ಮೊಕ ಇಲ್ಲ. ಅಂಗೇ ಮಡಿಕಂಡು ಮಗಂಗೆ ಏನ್ ಏಳ್ಳಿ?"

ಇಳಿಜಾರು

ಹ್ಯಾರಿಸನ ಲ್ಯಾಂಡ್‌ರೋವರ್ ಗುಡ್ಡ ಇಳಿದು ಕಣಿವೆಗೆ ಬರುತ್ತಿದ್ದಂತೆ ಸೆಖೆ ಹೆಚ್ಚಿತು. ಮಳೆಗೆ ಇನ್ನೂ ಒಂದೆರಡು ತಿಂಗಳಿತ್ತು. ಕೆಂಪು ಧೂಳು, ಎಲೆ ಉದುರಿಸಿದ ಮರ, ಅಲ್ಲೊಂದು ಇಲ್ಲೊಂದು ಹುಲ್ಲಿನ ಗುಡಿಸಲು. ಕಣ್ಣು ಕಿರಿದು ಮಾಡಿ ನೋಡಿದರೆ ಹನೂರಿನಿಂದ ರಾಮಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತಂತೆಯೇ. ಅಕ್ಕನಿಗೂ ಹಾಗೇ ಅನ್ನಿಸಿರಬೇಕು, "ಇದ್ನೋಡಕ್ಕೆ ವಿಮಾನ ಅತ್ಬೇಕಿತ್ತಾ" ಅಂದಳು.

ಆ ಕಣಿವೆಯಲ್ಲಿ ಒಂದು ಜಾತಿಯ ನೊಣವಿದೆ. ದನಕ್ಕೂ ಮನುಷ್ಯನಿಗೂ ರೋಗ ತರುತ್ತದೆ, ಕಚ್ಚಿದರೆ ಸೂಜಿ ಚುಚ್ಚಿದ ಹಾಗೆ. ಅದಕ್ಕೆ ಕಡುನೀಲಿ ಬಣ್ಣ ಕಂಡರೆ ಬಲು ಪ್ರೀತಿ. ನಮಗೆ ಗೊತ್ತಿರಲಿಲ್ಲ. ಅಕ್ಕ ದೊರೆಗಳ ಮನೆಗೆ ಹೋಗುತ್ತಿದ್ದೇವೆಂದು ತನ್ನಲ್ಲಿದ್ದ ಒಂದೇ ಒಂದು ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟಿದ್ದಳು. ಕಡುನೀಲಿ. ಗಾಡಿಯೊಳಗಿನ ನೊಣಗಳೆಲ್ಲ ನಮ್ಮನ್ನು ಬಿಟ್ಟು ಅವಳನ್ನೇ ಮುತ್ತಿಕೊಂಡವು. ಹ್ಯಾರಿಸ್ ಗಾಡಿ ನಿಲ್ಲಿಸಿ ತನ್ನ ಬಿಳಿ ಮೇಜುಬಟ್ಟೆಯೊಂದನ್ನು ಹುಡುಕಿ ಕೊಟ್ಟ. ಅದನ್ನು ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡು ಅಕ್ಕ ಬಿಡಾರದ ಮುಂದೆ ಇಳಿದಾಗ, ಸ್ವಾಗತಕ್ಕೆ ನಿಂತಿದ್ದ ಆಳುಗಳು ಯಾರೋ ದೊಡ್ಡ ಸಂನ್ಯಾಸಿನಿ ಬಂದಳೆಂದುಕೊಂಡು ಮಂಡಿ ಬಗ್ಗಿಸಿದರು.

ನದಿ ದಂಡೆ

ಬಿಡಾರವೆಂದರೆ ಜೊಂಡಿನ ಗೋಡೆ, ಹುಲ್ಲಿನ ಮಾಡಿನ ಕೆಲವು ಗುಡಿಸಲು. ಅವುಗಳ ಮುಂದೆ ದೊಡ್ಡ ಅಂಗಳ, ಅಂಗಳದ ನಡುವೆ ನಮ್ಮ ಜಾಲಿಯ ಜಾತಿಯದೇ ಆದರೂ ಅರಳಿಮರದಷ್ಟು ಬೆಳೆದ ಒಂದು ಮರ. ಅದರ ಆಚೆ ನಾಲ್ಕು ಕಡೆಯೂ ತೆರೆದಿದ್ದ ಊಟದ ಚಪ್ಪರ. ಕೆಳಗೆ ನದಿ. ಬೇಸಿಗೆಯ ನದಿ ನಮ್ಮ ಕಾವೇರಿಯ ಹಾಗೆಯೇ ಮರಳ ಮೇಲೆ ಒಂದು ಪಕ್ಕಕ್ಕೆ ಸರಿದುಕೊಂಡಿತ್ತು. ನೀರಿನಲ್ಲಿ ನೀರಾನೆಗಳು ಮುಳುಗಿ, ಎದ್ದು, ಜಗಲಿಯ ಮೇಲಿನ ಮುದುಕರು ಹಳೆಯದೇನೋ ನೆನೆದು ನಗುವಂತೆ ಹೊಟ್ಟೆಯೊಳಗಿಂದ ಸದ್ದು ಮಾಡುತ್ತಿದ್ದವು.

ಗುಡಿಸಲ ಒಳಗೆ ಬೇರೆಯೇ ಲೋಕ. ಹಾಲಿನಂಥ ಹಾಸಿಗೆ, ಕನ್ನಡಿ, ಕ್ಯಾನ್‌ವಾಸಿನ ಸ್ನಾನದ ತೊಟ್ಟಿ. ಸಂಜೆ ತೊಟ್ಟಿಗೆ ಬಿಸಿನೀರು ತುಂಬಿಸಿಕೊಡುತ್ತಾರೆ, ಬೆಳಿಗ್ಗೆ ಹಾಸಿಗೆಯ ಬಳಿಗೇ ಟೀ ಬರುತ್ತದೆ. ಅಕ್ಕ ಗೋಡೆಯ ಜೊಂಡನ್ನು ಮುಟ್ಟಿ, ಮಾಡಿನ ಕಟ್ಟು ನೋಡಿ, ಇದು ನಮ್ಮ ಕಣದ ಗುಡ್ಲೇ ಅಲ್ಲವೇ ಎಂದು ತೀರ್ಮಾನಿಸಿದಳು. ತೊಟ್ಟಿಯಲ್ಲಿ ಕೂರಲು ಒಪ್ಪಲಿಲ್ಲ. "ನಮ್ ಕೊಳೆ ನೀರ್ನಲ್ಲಿ ನಾವೇ ಕುಂತ್ಕಳದಾ" ಎಂದು ಚೊಂಬಿನಲ್ಲಿ ಮೊಗೆದು ಆಚೆ ನಿಂತು ಸುರಿದುಕೊಂಡಳು. ಜೊಂಡಿನ ಸಂದಿಯಿಂದ ನೀರೆಲ್ಲ ನನ್ನ ಗುಡಿಸಲ ಕಡೆಗೆ ಹರಿದು ಬಂತು.

ನಮ್ಮನ್ನು ಬಿಟ್ಟರೆ ಅಲ್ಲಿದ್ದವರು ಇಂಗ್ಲೆಂಡಿನ ವಯಸ್ಸಾದ ಗಂಡ ಹೆಂಡತಿ. ಗಂಡ ನಿವೃತ್ತ ಡಾಕ್ಟರು, ಹೆಂಡತಿ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಚಿತ್ರ ಬರೆಯುವವರು. ಒಬ್ಬರಿಗೊಬ್ಬರು ಉಪ್ಪು ಕೇಳುವಾಗಲೂ ದಯವಿಟ್ಟು ಅನ್ನುತ್ತಿದ್ದರು. ಅದು ಅಕ್ಕನಿಗೆ ಗೊತ್ತಾದಾಗ, ಪಾಪ ಇಬ್ಬರೂ ಜಗಳವಾಡಿ ಮಾತು ಬಿಟ್ಟಿರಬೇಕು ಎಂದು ಮರುಗಿದಳು.

ಊಟದ ಮೇಜಿನಲ್ಲಿ ನಮಗೆ ಮಾಂಸ ಆಗದೆಂದು ಬೇಯಿಸಿದ ಗಜ್ಜರಿಯನ್ನೂ ಆಲೂಗಡ್ಡೆಯನ್ನೂ ಬಹಳ ಚೆಂದವಾಗಿ ಜೋಡಿಸಿ ಕೊಟ್ಟರು. ಅಕ್ಕ ಎರಡು ತುಂಡು ತಿಂದು ತಟ್ಟೆ ಸರಿಸಿದಳು. ಬಡಿಸುತ್ತಿದ್ದವನು ಫಿರಿ ಎಂಬ ಐವತ್ತರ ಆಸುಪಾಸಿನ ಮನುಷ್ಯ. ಸಣ್ಣಗೆ ಕೈತಟ್ಟಿ ನಮಸ್ಕರಿಸುವುದು, ಕೊಡುವುದನ್ನು ಎರಡೂ ಕೈಯಿಂದ ಕೊಡುವುದು ಆ ಕಡೆಯ ಮರ್ಯಾದೆ. ಹಿರಿಯ ಹೆಂಗಸರನ್ನು ಅವರು 'ಅಮಾಯಿ' ಎಂದು ಕರೆಯುತ್ತಾರೆ. ತಾಯಿ ಎಂದೇ ಅರ್ಥ.

"ಅಮ್ಮಾ ಅಂತಾನೆ ಕಣ್ಲಾ ಇವ್ನು," ಎಂದು ಅಕ್ಕ ಅವನನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಅವನ ಹಿಂದೆಯೇ ಅಡಿಗೆಮನೆಗೆ ಹೋದಳು. ನಾನು ಹುಡುಕಿಕೊಂಡು ಹೋದಾಗ ಆಳುಗಳ ಜೊತೆ ನೆಲದ ಮೇಲೆ ಕೂತಿದ್ದಳು. ನಡುವೆ ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ಅವರು ಅದನ್ನು ನ್ಸಿಮಾ ಅನ್ನುತ್ತಾರೆ. ಪಕ್ಕದಲ್ಲಿ ಕುಂಬಳದೆಲೆಯನ್ನು ಕಡಲೆಕಾಯಿ ಪುಡಿಯಲ್ಲಿ ಬೇಯಿಸಿದ ಪಲ್ಯ. ಅಕ್ಕ ಉಂಡೆ ಮಾಡಿ, ಪಲ್ಯಕ್ಕೆ ಅದ್ದಿ, ಅಗಿಯದೆ ನುಂಗಿದಳು. ಅವರೆಲ್ಲ ತಮ್ಮ ಊಟ ನಿಲ್ಲಿಸಿ ಅವಳ ಗಂಟಲನ್ನೇ ನೋಡಿದರು. ಅವರು ಅಗಿದು ತಿನ್ನುತ್ತಾರೆ. ಅಗಿಯಬೇಕೆಂದು ಫಿರಿ ಸನ್ನೆ ಮಾಡಿ ತೋರಿಸಿದ. ನುಂಗಬೇಕೆಂದು ಅಕ್ಕ ತೋರಿಸಿದಳು. ಇಬ್ಬರೂ ಸೋಲಲಿಲ್ಲ.

ಎರಡನೆಯ ದಿನ

ಬೆಳಿಗ್ಗೆ ಗಾಡಿಯಲ್ಲಿ ಕಾಡು ಸುತ್ತಲು ಹೋದೆವು. ಜಿರಾಫೆ, ಕಾಡೆಮ್ಮೆ, ಹೆಸರು ಗೊತ್ತಿಲ್ಲದ ಹತ್ತಾರು ಜಿಂಕೆ. ಅಕ್ಕ ಎಲ್ಲವನ್ನೂ ನೋಡಿದಳು. ನದಿಯ ಆಚೆ ದಡದಲ್ಲಿ ಆನೆ ಹಿಂಡು ಕಂಡಾಗ ಡಾಕ್ಟರು ದುರ್ಬೀನು ತೆಗೆದುಕೊಟ್ಟರು. ಅಕ್ಕ ಅದನ್ನು ಹಿಡಿದುಕೊಂಡಳೇ ಹೊರತು ಕಣ್ಣಿಗೆ ಏರಿಸಲಿಲ್ಲ. ತಲೆ ತಗ್ಗಿಸಿ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಾ ಕೂತಳು. ಸಂಜೆಗೇ ಚಿಪಾಟಾಕ್ಕೆ ಹೊರಟುಬಿಡಬಹುದೇ ಎಂದು ನಾನು ಹ್ಯಾರಿಸನನ್ನು ಕೇಳಿದೆ. ಗಾಡಿಯ ಏನೋ ಒಂದು ಭಾಗ ಬಿಚ್ಚಿಟ್ಟಿದ್ದಾರೆ, ನಾಳೆಗೇ ಆಗುವುದು ಅಂದ.

ಮಧ್ಯಾಹ್ನ ಊಟವಾದ ಮೇಲೆ ನಾವು ಚಪ್ಪರದಲ್ಲಿ ಕೂತಿದ್ದೆವು. ಅಕ್ಕ ಅಂಗಳದ ಆಚೆ ತನ್ನ ಗುಡಿಸಲ ಬಾಗಿಲಲ್ಲಿ ಕೂತು, ಫಿರಿ ಕೊಟ್ಟಿದ್ದ ಕಡಲೆಕಾಯಿ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಆಗ ಆನೆ ಬಂತು. ಸದ್ದೇ ಇಲ್ಲ. ಒಂದು ಹೆಣ್ಣಾನೆ, ಅದರ ಹಿಂದೆ ಮರಿ. ಆ ಜಾಲಿಮರದ ಕಾಯಿ ಸೇಬಿನ ಸಿಪ್ಪೆಯಂತೆ ಸುರುಳಿಯಾಗಿ ಅಂಗಳದ ತುಂಬ ಉದುರಿತ್ತು. ಅದನ್ನು ಆರಿಸಿ ತಿನ್ನಲು ಬಂದಿತ್ತು. ಹಾಗೆ ಬರುವುದು ಅಲ್ಲಿ ಹೊಸತಲ್ಲವಂತೆ. ಹ್ಯಾರಿಸ್ ಕೈಯೆತ್ತಿ ಎಲ್ಲರನ್ನೂ ಇದ್ದಲ್ಲೇ ಇರಿಸಿದ.

ಆನೆಯ ಈಚೆಗೆ ನಾವು, ಆಚೆಗೆ ಅಕ್ಕ. ನಾನು ಎದ್ದೆ. ಹಿಂದೆ ನಿಂತಿದ್ದ ಫಿರಿ ನನ್ನ ಭುಜ ಅದುಮಿ ಕೂರಿಸಿದ. ಅಕ್ಕನ ಕಡೆಗೆ ಅಂಗೈ ತೋರಿಸಿ, ಕದಲಬೇಡ ಎಂದು ಸನ್ನೆ ಮಾಡಿದ. ಅಕ್ಕ ಅವನನ್ನು ನೋಡಿದಳೋ ಇಲ್ಲವೋ. ಅವಳ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತ್ತು.

ಆನೆ ಒಂದೊಂದೇ ಕಾಯಿ ಎತ್ತಿ ಬಾಯಿಗೆ ಹಾಕುತ್ತಿತ್ತು. ಮರಿಗೆ ಬೇಸರವಾಯಿತೇನೋ, ಸುತ್ತ ಮೂಸುತ್ತಾ ಗುಡಿಸಲುಗಳ ಕಡೆ ಹೊರಟಿತು. ಕಡಲೆಕಾಯಿಯ ವಾಸನೆ ಎಳೆದಿರಬೇಕು, ನೇರ ಅಕ್ಕನ ಬಾಗಿಲಿಗೇ ಹೋಯಿತು. ತಾಯಿ ತಿನ್ನುವುದನ್ನು ನಿಲ್ಲಿಸಿ ತಿರುಗಿತು. ಕಿವಿ ಅಗಲಿಸಿತು. ಅಕ್ಕ ಕೂತಲ್ಲಿಂದಲೇ, ನೆಲದ ಮೇಲೆ ತೆವಳುತ್ತಾ, ಹಿಂದಕ್ಕೆ ಹಿಂದಕ್ಕೆ ಸರಿದು ಗುಡಿಸಲ ಕತ್ತಲೆಯೊಳಗೆ ಹೋದಳು. ತಟ್ಟೆ ಬಾಗಿಲಲ್ಲೇ ಉಳಿಯಿತು. ಮರಿ ಅದಕ್ಕೆ ಕಾಲು ಹಾಕಿತು. ತಗಡಿನ ತಟ್ಟೆ ದಢಾರನೆ ಮಗುಚಿತು.

ಮರಿ ಕಿರುಚಿ ತಾಯಿಯತ್ತ ಓಡಿತು. ತಾಯಿ ಘೀಳಿಟ್ಟು ನಾಲ್ಕೇ ಹೆಜ್ಜೆಗೆ ಗುಡಿಸಲನ್ನು ಮುಟ್ಟಿತು. ಜೊಂಡಿನ ಗೋಡೆಗೆ ಅದರ ಹಣೆ ತಾಗಿದ ಸದ್ದು ನನಗೆ ಕೇಳಿತು. ಮಾಡು ಅಲುಗಿತು. ಅದು ಒಂದು ಸಲ ನೂಕಿದ್ದರೆ ಸಾಕಿತ್ತು. ಹ್ಯಾರಿಸ್ ಬಂದೂಕು ಕೈಗೆತ್ತಿಕೊಂಡಿದ್ದ, ಗುಂಡು ಹಾರಿಸಿದರೆ ಆನೆ ಗುಡಿಸಲ ಮೇಲೆಯೇ ಬೀಳುತ್ತದೆಂದು ಹಾಗೇ ಹಿಡಿದು ನಿಂತಿದ್ದ. ಎಲ್ಲ ದೇವರ ಹೆಸರೂ ನನ್ನ ಬಾಯಿಗೆ ಒಟ್ಟಿಗೆ ಬಂದು ಒಂದೂ ಹೊರಬರಲಿಲ್ಲ.

ಆನೆ ನೂಕಲಿಲ್ಲ. ಸೊಂಡಿಲನ್ನು ಬಾಗಿಲೊಳಗೆ ಚಾಚಿತು. ಬಹಳ ಹೊತ್ತು ಅದು ಒಳಗೇ ಇತ್ತು. ಆಮೇಲೆ ಸೊಂಡಿಲು ಹೊರಗೆ ತೆಗೆದು, ಚೆಲ್ಲಿದ್ದ ಕಡಲೆಕಾಯಿಯನ್ನು ಊದಿ ಊದಿ ಆರಿಸಿ ತಿಂದು ಮುಗಿಸಿ, ಮರಿಯನ್ನು ಮುಂದೆ ಬಿಟ್ಟುಕೊಂಡು ನದಿಗೆ ಇಳಿದು ಹೋಯಿತು.

ನಾವೆಲ್ಲ ಓಡಿದೆವು. ಅಕ್ಕ ಮಂಚದ ಕಾಲಿಗೆ ಒರಗಿ ಕೂತಿದ್ದಳು. ಸೀರೆಯ ಮೇಲೆ ಮಣ್ಣು, ಕೆನ್ನೆಯ ಮೇಲೆ ಒದ್ದೆ. ಅದು ಅವಳ ಕಣ್ಣೀರಲ್ಲ. ನೀರು ಬೇಕು ಅಂದಳು. ಫಿರಿ ಎರಡೂ ಕೈಯಿಂದ ಲೋಟ ಕೊಟ್ಟ.

ಚಿತ್ರ ಬರೆಯುವ ಅಜ್ಜಿ ಅಳುತ್ತಾ ಅವಳ ಕೈ ಹಿಡಿದುಕೊಂಡು ಏನೋ ಹೇಳಿದರು.

"ಏನಂತಾರ್ಲಾ?"

ಹೇಳಬೇಕೋ ಬೇಡವೋ ಎಂದು ತಡೆದೆ. ಆಮೇಲೆ ಹೇಳಿದೆ. "ನೀನು ಪುಣ್ಯವಂತೆ ಅಂತಾರಕ್ಕ. ಇಷ್ಟು ಹತ್ರದಿಂದ ನೋಡೋ ಭಾಗ್ಯ ಯಾರಿಗೂ ಸಿಕ್ಕಿಲ್ವಂತೆ."

ಅಕ್ಕ ಆ ಮುದುಕಿಯ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು.

"ಇರ್ಬೋದು ಬುಡು," ಅಂದಳು.

ಭಾವನ ವಿಷಯ ನಾನು ಅವರಿಗೆ ಹೇಳಿದ್ದು ಸಂಜೆ. ಹ್ಯಾರಿಸ್ ಮೊದಲೇ ಹೇಳಬಾರದಿತ್ತೇ ಅಂದ. ಹೇಳಬೇಡ ಅಂದಿದ್ದವಳು ಅಕ್ಕನೇ ಎಂದು ಉತ್ತರ ಕೊಟ್ಟೆ. ಆ ಅಜ್ಜಿ ಅಂದು ಬೆಳಿಗ್ಗೆ ಬರೆದಿದ್ದ ಆನೆಯ ಚಿತ್ರವನ್ನು ಸದ್ದಿಲ್ಲದೆ ಮಡಿಸಿ ಪೆಟ್ಟಿಗೆಯೊಳಗಿಟ್ಟರು.

ಫಿರಿ ಹತ್ತಿರ ಬಂದ. ಅಕ್ಕನ ಎದುರು ಕುಕ್ಕುರುಗಾಲಲ್ಲಿ ಕೂತು, ನನ್ನ ಮೂಲಕ ಕೇಳಿದ. ಹೊಲದಲ್ಲಿ ಏನು ಬೆಳೆದಿದ್ದಿರಿ? ರಾಗಿ ಅಂದೆ. ನಾವು ಮುಸುಕಿನ ಜೋಳ, ಅಂದ. ಅವನ ಹಳ್ಳಿಯಲ್ಲೂ ಹೆಂಗಸರು ತಗಡು ಬಡಿದು ಹೊಲ ಕಾಯುತ್ತಾರಂತೆ. ಅವನ ಚಿಕ್ಕಮ್ಮ ಒಬ್ಬಳು ಹಾಗೆ ಕಾಯುತ್ತಿದ್ದಾಗಲೇ ಹೋದಳಂತೆ.

"ಆಮೇಕೆ ಆ ಒಲ ಬುಟ್ಬುಟ್ರಾ? ಕೇಳ್ಲಾ."

ಕೇಳಿದೆ. ಬಿಟ್ಟಿದ್ದೆವು, ಅಂದ ಫಿರಿ. ಒಂದು ಮಳೆಗಾಲ ಬಿಟ್ಟೆವು. ಕಾಡು ಹೊಲಕ್ಕೆ ಬಂತು, ಹೊಲದಿಂದ ಮನೆ ಹಿತ್ತಿಲಿಗೆ ಬಂತು. ಮತ್ತೆ ಬಿತ್ತಿದೆವು. ಚಿಕ್ಕಪ್ಪ ಮಾತ್ರ ಆ ಕಡೆ ಬರಲಿಲ್ಲ, ಅವನು ಸಾಯುವವರೆಗೂ ರಸ್ತೆಯ ಕಡೆ ಮುಖ ಮಾಡಿಯೇ ಕೂರುತ್ತಿದ್ದ.



ನೊಣದ ಚೌಕಿ

ಮರುದಿನ ಗುಡ್ಡ ಹತ್ತುವ ಮುಂಚೆ ಒಂದು ಚೌಕಿಯಲ್ಲಿ ಗಾಡಿ ನಿಲ್ಲಿಸಿದರು. ಕಣಿವೆಯ ನೊಣ ಮೇಲಿನ ದನದ ಊರುಗಳಿಗೆ ಹೋಗದಂತೆ ತಡೆಯುವ ಚೌಕಿ. ಒಬ್ಬ ಸಿಬ್ಬಂದಿ ಚಿಟ್ಟೆ ಹಿಡಿಯುವಂಥ ಬಲೆ ಹಿಡಿದು ಗಾಡಿಯ ಸುತ್ತ ಬಹಳ ಗಂಭೀರವಾಗಿ ಸುತ್ತಿದ. ಹಿಂದಿನ ದಿನದ ಸೀರೆ ಮಣ್ಣಾಗಿತ್ತೆಂದು ಅಕ್ಕ ಮತ್ತೆ ಉಟ್ಟಿದ್ದ ನೀಲಿ ಸೀರೆ ನೋಡಿ ಅವಳನ್ನು ಕೆಳಗಿಳಿಸಿ, ಅವಳ ಸುತ್ತಲೂ ಬಲೆ ಬೀಸಿದ. ಅವಳು ಕೈಯೆತ್ತಿ, ತಿರುಗೆಂದರೆ ತಿರುಗುತ್ತಾ, ಆ ಬಲೆಯ ನಡುವೆಯೇ ಮಾತಾಡಿದಳು.

"ಪುಟ್ಟ, ಅದು ಸೊಂಡ್ಲು ಒಳೀಕ್ ಬುಡ್ತಲ್ಲ, ನನ್ ಮೊಕ್ದತ್ರ. ಉಸ್ರು ಬಿಸಿ ಬಿಸಿ. ಉಲ್ಲಿನ್ ವಾಸ್ನೆ. ಕೆನ್ನೆ ಮುಟ್ತು, ಕತ್ ಮುಟ್ತು. ಬಾಗ್ಲಿಂದ ಅದ್ರ ಒಂದ್ ಕಣ್ ಕಾಣೋದು, ಉದ್ದುದ್ದ ರೆಪ್ಪೆ ಕೂದ್ಲು. ನಂಗೆ ಕ್ವಾಪ ಬತ್ತದೆ ಅಂದ್ಕಂಡಿದ್ದಿ ಕಣ್ಲಾ. ಇಷ್ಟ್ ವರ್ಸ ಮಡಿಕಂಡಿದ್ದ ಕ್ವಾಪ. ಬರ್ನೇ ಇಲ್ಲ."

"ಒಳ್ಳೇದೇ ಆಯ್ತಲ್ಲಕ್ಕ."

"ಏನ್ ಒಳ್ಳೇದು? ಕ್ವಾಪ ಇರಗಂಟ ನಿಮ್ ಭಾವ ನನ್ ಪಕ್ಕದಲ್ಲೇ ಕುಂತಂಗಿತ್ತು. ನಿನ್ನೆ ಅದು ಓದ್ಮೇಲೆ ನೋಡ್ಕತೀನಿ, ಅವ್ರೂ ಇಲ್ಲ. ನಾನೊಬ್ಳೇ ಮಂಚ್ಕೆ ಒರ್ಗಿವ್ನಿ."

ಬಲೆಯವನು ಒಂದು ನೊಣ ಹಿಡಿದು, ಉಗುರಿನಲ್ಲಿ ಹೊಸಕಿ, ನಮಗೆ ತೋರಿಸಿ, ಹೋಗಬಹುದು ಎಂದು ಸಲಾಮು ಹೊಡೆದ. ಅಕ್ಕ ಗಾಡಿ ಹತ್ತಿದಳು. ಚಿಪಾಟಾದವರೆಗೂ ಅಳುತ್ತಲೇ ಬಂದಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲವೆಂದು ಊರಿನಲ್ಲಿ ಹೇಳುತ್ತಿದ್ದರು. ಹ್ಯಾರಿಸ್ ನಿಧಾನವಾಗಿ ಗಾಡಿ ಓಡಿಸಿದ.

ರಾಮಾಪುರ

ಮಾರನೆಯ ವರ್ಷ ರಜಕ್ಕೆ ಊರಿಗೆ ಬಂದಾಗ ಕೊಳ್ಳೇಗಾಲದಿಂದ ಬಸ್ಸು ಹಿಡಿದು ರಾಮಾಪುರಕ್ಕೆ ಹೋದೆ. ಪೊಲೀಸ್ ಠಾಣೆಯ ಹತ್ತಿರ ಇಳಿದು ಮನೆಗೆ ಹೋದರೆ ಬೀಗ. ಪಕ್ಕದ ಮನೆಯ ಹೆಂಗಸು, "ಒಲ್ದತ್ರ ಓಗವ್ರೆ ಸಾ, ತಾಯಿ ಮಗ ಇಬ್ರೂವೆ" ಅಂದಳು. ಯಾವ ಹೊಲ ಎಂದು ಕೇಳಿದೆ. ಅವಳು ಕಾಡಿನ ಕಡೆ ಕೈ ತೋರಿಸಿದಳು.

ಬೀಳು ಬಿದ್ದಿದ್ದ ನೆಲವೆಲ್ಲ ಹಸನಾಗಿತ್ತು. ರಾಗಿ ಇರಲಿಲ್ಲ. ಉದ್ದಕ್ಕೂ ಮೆಣಸಿನ ಗಿಡ, ಅಂಚಿಗೆ ಹರಳು. ಅಟ್ಟಣೆ ಕಾಣಲಿಲ್ಲ. ಸಿದ್ದರಾಜು ದೂರದಲ್ಲಿ ಮೂಟೆ ಕಟ್ಟುತ್ತಿದ್ದ. ಅಕ್ಕ ಬಗ್ಗಿ ಹಣ್ಣುಮೆಣಸಿನಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಶಾರದೆಯ ಕ್ಷೇಮ ಕೇಳಿದಳು, ಮಗು ನಡೆಯುತ್ತದೆಯೇ ಎಂದು ಕೇಳಿದಳು. ಆಮೇಲೆ ಹೊಲ ತೋರಿಸಿದಳು.

"ಮೆಣ್ಸಿನಕಾಯ್ನ ಅವು ಮುಟ್ಟಕಿಲ್ವಂತೆ. ಅಂಗಾರೆ ಕಾಯ ಗೋಜೇ ಇಲ್ಲ. ರಾತ್ರೆ ಇಲ್ಲಿ ಕಾಲಿಕ್ಕುದ್ರೆ ನಾನು ನಿಂಗೆ ತಾಯಿ ಅಲ್ಲ ಅಂತ ಇವುಂಗೆ ಏಳಿವ್ನಿ."

ಹೊಲದ ನಡುವೆ ಕಾಡಿನಿಂದ ಕೆರೆಯ ಕಡೆಗೆ ಒಂದು ಗಾಡಿ ಹಾದಿಯಷ್ಟು ಅಗಲದ ನೆಲವನ್ನು ಏನೂ ಹಾಕದೆ ಬಿಟ್ಟಿದ್ದರು. ಅಲ್ಲಿ ಹಳೆಯ ಹೆಜ್ಜೆಗಳು ಗಟ್ಟಿಯಾಗಿ ಒಣಗಿದ್ದವು, ಮೊರದಷ್ಟು ದೊಡ್ಡವು.

"ಬಂದಿದ್ವಾ?"

"ಬತ್ತವೆ ಓಯ್ತವೆ. ನೀರ್ಗೆ ಅವ್ಕೆ ಇದೇ ದಾರಿ. ಅಡ್ಡ ಗಿಡ ಮಡಗುದ್ರೆ ತುಳಿತವೆ, ನಮ್ಗೇ ಲುಕ್ಸಾನು." ಆಮೇಲೆ, ದನಿಯೇನೂ ಬದಲಾಗದೆ, ಆ ಹಾದಿಯ ಒಂದು ಜಾಗವನ್ನು ಕಾಲಿನಿಂದ ತೋರಿಸಿದಳು. "ನಿಮ್ ಭಾವ ಬಿದ್ದಿದ್ದು ಇಲ್ಲೇಯ."

ನಾನು ಚಪ್ಪಲಿ ಬಿಟ್ಟು ನಿಂತೆ. ಅಕ್ಕ ಇನ್ನೊಂದು ಕುಕ್ಕೆ ತಂದು ನನ್ನ ಕೈಗೆ ಕೊಟ್ಟಳು.

"ಬಂದಿದ್ದೀಯಲ್ಲ, ಆ ಸಾಲು ನೀನ್ ಇಡ್ಕೊ. ಒತ್ತು ಮುಳ್ಗದ್ರೊಳ್ಗೆ ಮನೆ ಸೇರ್ಕಬೇಕು."